ಭಾರತ್ ಜಿಪಿ: ಒಂದೇ ಸಲ ನಡೆದ ಮೋಟೊಜಿಪಿ

ಬೈಕ್ ರೇಸ್ ನೋಡುವವರ ಬಾಯಲ್ಲಿ ‘ಭಾರತ್ ಜಿಪಿ’ ಅಂದರೆ ಒಂದೇ ಒಂದು ವಾರಾಂತ್ಯ, 2023ರ ಸೆಪ್ಟೆಂಬರ್ 22ರಿಂದ 24. ಮೋಟೊಜಿಪಿ ವಿಶ್ವ ಚಾಂಪಿಯನ್‌ಷಿಪ್‌ನ ಆ ವರ್ಷದ 13ನೇ ರೇಸ್ ಗ್ರೇಟರ್ ನೋಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ನಡೆಯಿತು. ಕಾಗದದ ಮೇಲೆ ಅದರ ಹೆಸರು ‘ಇಂಡಿಯನ್‌ಆಯಿಲ್ ಗ್ರ್ಯಾಂಡ್ ಪ್ರಿ ಆಫ್ ಇಂಡಿಯಾ’. ಇದೇ ಟ್ರ್ಯಾಕ್‌ನಲ್ಲಿ 2011ರಿಂದ 2013ರವರೆಗೆ ನಡೆದ ಫಾರ್ಮುಲಾ ಒನ್ ‘ಇಂಡಿಯನ್ ಗ್ರ್ಯಾಂಡ್ ಪ್ರಿ’ ಬೇರೆ, ಅದು ಕಾರುಗಳದ್ದು. ಎರಡನ್ನೂ ಕಲಸಿ ಬರೆಯುವವರು ಈಗಲೂ ಇದ್ದಾರೆ.

ಗ್ರ್ಯಾಂಡ್ ಪ್ರಿ ಅಂದರೆ ಭಾನುವಾರದ ಒಂದು ಓಟವಷ್ಟೇ ಅಲ್ಲ. ಒಂದೇ ಟಿಕೆಟ್‌ಗೆ ಮೂರು ವರ್ಗ: 250 ಸಿಸಿಯ ಮೋಟೊ3, 765 ಸಿಸಿಯ ಮೋಟೊ2, ಕೊನೆಗೆ 1000 ಸಿಸಿಯ ಮೋಟೊಜಿಪಿ. ಶನಿವಾರ ಮೋಟೊಜಿಪಿಯವರಿಗೆ ಸ್ಪ್ರಿಂಟ್ ಎಂಬ ಅರ್ಧ ದೂರದ ಓಟ ಬೇರೆ. ನೋಯ್ಡಾದ ಸ್ಪ್ರಿಂಟ್ ಗೆದ್ದದ್ದು ಸ್ಪೇನಿನ ಹೊರ್ಹೆ ಮಾರ್ಟಿನ್.

ಭಾನುವಾರದ ಬಿಸಿಲಿಗೆ ಹೆದರಿ 24 ಲ್ಯಾಪ್‌ಗಳ (ಟ್ರ್ಯಾಕ್ ಸುತ್ತುಗಳ) ಓಟವನ್ನು 21ಕ್ಕೆ ಇಳಿಸಿದರು. ಇಟಲಿಯ ಮಾರ್ಕೊ ಬೆಜ್ಜೆಕ್ಕಿ ಎಂಟು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಗೆದ್ದ. ಆದರೆ ನೋಡಬೇಕಾದ್ದು ಅವನ ಹಿಂದಿನ ಕಾದಾಟ. ಎರಡನೇ ಸ್ಥಾನದಲ್ಲಿದ್ದ ಚಾಂಪಿಯನ್ ಫ್ರಾನ್ಸೆಸ್ಕೊ ಬನ್ಯಾಯಾ ಜಾರಿ ಬಿದ್ದ. ಮಾರ್ಟಿನ್‌ನ ಚರ್ಮದ ಸೂಟಿನ ಜಿಪ್ ಓಡುವ ಬೈಕಿನ ಮೇಲೇ ತೆರೆದುಕೊಂಡಿತು. ಕೊನೆಯ ಲ್ಯಾಪ್‌ನಲ್ಲಿ ಫ್ಯಾಬಿಯೊ ಕ್ವಾರ್ಟರಾರೊ ಅವನನ್ನು ದಾಟಿದ, ಮಾರ್ಟಿನ್ ಮತ್ತೆ ದಾಟಿ ಎರಡನೇ ಸ್ಥಾನ ಉಳಿಸಿಕೊಂಡ. ಬೈಕಿನಿಂದ ಇಳಿದ ಮೇಲೆ ಮೈಯಲ್ಲಿ ನೀರಿನಂಶವೇ ಇಲ್ಲದೆ ಕುಸಿದುಬಿದ್ದ. ಲ್ಯಾಪ್ ಕಡಿಮೆ ಮಾಡಿದ್ದು ಅತಿಯಾಯಿತು ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಎಡವಟ್ಟುಗಳೂ ಕಡಿಮೆ ಇರಲಿಲ್ಲ. ವೀಸಾ ತಡವಾಗಿ ಮಾರ್ಕ್ ಮಾರ್ಕೆಜ್‌ನಂಥ ದೊಡ್ಡ ಹೆಸರಿನವರೂ ಕಾಯಬೇಕಾಯಿತು. ನೇರ ಪ್ರಸಾರದಲ್ಲಿ ಭಾರತದ ನಕಾಶೆಯನ್ನೇ ತಪ್ಪಾಗಿ ತೋರಿಸಿ ಮೋಟೊಜಿಪಿ ಕ್ಷಮೆ ಕೇಳಿತು. ಅಷ್ಟಾದರೂ ಮೊದಲ ಸಲಕ್ಕೆ ರೇಸ್ ಚೆನ್ನಾಗಿಯೇ ಆಯಿತೆಂದು ನನ್ನ ಲೆಕ್ಕ.

ಭಾರತದಲ್ಲಿ ರೇಸ್ ನಡೆಸುವ ಒಪ್ಪಂದ ಏಳು ವರ್ಷದ್ದು. ಎರಡನೇ ವರ್ಷವೇ ಗಾಡಿ ನಿಂತಿತು. 2024ರ ಸೆಪ್ಟೆಂಬರ್‌ಗೆ ನಿಗದಿಯಾಗಿದ್ದ ರೇಸನ್ನು ನಿರ್ವಹಣೆಯ ಕಾರಣ ಕೊಟ್ಟು ಕೈಬಿಟ್ಟು, 2025ರ ಮಾರ್ಚ್‌ನಲ್ಲಿ ನಡೆಸುತ್ತೇವೆ ಎಂದರು. ಖಾಲಿಯಾದ ದಿನಾಂಕವನ್ನು ಕಜಕಸ್ತಾನಕ್ಕೆ ಕೊಟ್ಟರು, ಅದೂ ನಡೆಯಲಿಲ್ಲ. ಬದಲಿಗೆ ಇಟಲಿಯ ಮಿಸಾನೊದಲ್ಲೇ ಎರಡನೇ ರೇಸ್ ಇಟ್ಟರು. 2025ರ ಮಾರ್ಚ್ ಬಂತು, ನೋಯ್ಡಾಕ್ಕೆ ಮಾತ್ರ ಮೋಟೊಜಿಪಿ ಬರಲಿಲ್ಲ.