ಜಾಗ ಡಿಸ್ನಿಯದ್ದು, ಬೋರ್ಡ್ ಗವರ್ನರ್‌ದು: ಇದು ಹೇಗಾಯಿತು?

ಪ್ರಶ್ನೆ: ಫ್ಲೋರಿಡಾದ ಡಿಸ್ನಿ ವರ್ಲ್ಡ್ ಇರುವ ಜಾಗ ಕಂಪನಿಯ ಸ್ವಂತದ್ದೇ ಅಲ್ವಾ? ಹಾಗಿದ್ದ ಮೇಲೆ ಗವರ್ನರ್ ರಾನ್ ಡಿಸ್ಯಾಂಟಿಸ್ ಅಲ್ಲಿನ ಆಡಳಿತವನ್ನು ಹೇಗೆ ಕಿತ್ತುಕೊಂಡರು? ಕೋರ್ಟು ಯಾಕೆ ತಡೆಯಲಿಲ್ಲ?

ಉತ್ತರ: ಜಾಗವನ್ನು ಯಾರೂ ಕಿತ್ತುಕೊಂಡಿಲ್ಲ. ಪಾರ್ಕು, ಹೋಟೆಲುಗಳೆಲ್ಲ ಈಗಲೂ ಕಂಪನಿಯ ಹೆಸರಿನಲ್ಲೇ ಇವೆ. ಕೈ ಬದಲಾಗಿದ್ದು ಐದು ಜನರ ಒಂದು ಬೋರ್ಡು. ಆ ಜಾಗದ ರಸ್ತೆ, ಒಳಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ ಎಲ್ಲ ಆ ಬೋರ್ಡಿನ ಕೈಯಲ್ಲಿದೆ. ಅದು ಕಂಪನಿಯ ಬೋರ್ಡಲ್ಲ, ಸರ್ಕಾರದ್ದು. ಗೊಂದಲ ಆಗುವುದು ಇಲ್ಲೇ.

ಅಮೆರಿಕದಲ್ಲಿ ‘ಸ್ಪೆಷಲ್ ಡಿಸ್ಟ್ರಿಕ್ಟ್’ ಅಂತ ಒಂದು ಬಗೆಯ ಸ್ಥಳೀಯ ಸರ್ಕಾರ ಇದೆ. ನೀರು, ಬೆಂಕಿ ನಂದಿಸುವುದು, ಒಳಚರಂಡಿ ಹೀಗೆ ಯಾವುದೋ ನಿರ್ದಿಷ್ಟ ಕೆಲಸಕ್ಕೆ ಅದನ್ನು ಹುಟ್ಟುಹಾಕುತ್ತಾರೆ. ತೆರಿಗೆ ಹಾಕಬಹುದು, ಬಾಂಡ್ ಹೊರಡಿಸಿ ಸಾಲ ಎತ್ತಬಹುದು. ಫ್ಲೋರಿಡಾ ಒಂದರಲ್ಲೇ ಇಂಥವು 1,800ಕ್ಕೂ ಜಾಸ್ತಿ ಇವೆ. ಡಿಸ್ನಿಗಾಗಿ 1967ರಲ್ಲಿ ರಾಜ್ಯದ ಶಾಸನಸಭೆ ಮಾಡಿಕೊಟ್ಟಿದ್ದು ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಆರೆಂಜ್ ಮತ್ತು ಆಸಿಯೋಲಾ ಕೌಂಟಿಗಳಲ್ಲಿ ಹರಡಿದ ಸುಮಾರು 25,000 ಎಕರೆ. ಆಗ ಅಲ್ಲಿದ್ದಿದ್ದು ಜೌಗು ಮತ್ತು ಪೊದೆ. ಅಲ್ಲಿಗೆ ರಸ್ತೆ, ನೀರು ತರುವ ತಾಕತ್ತು ಕೌಂಟಿಗಳಿಗೆ ಇರಲಿಲ್ಲ. ‘ನಾವೇ ಮಾಡಿಕೊಳ್ಳುತ್ತೇವೆ, ಅಧಿಕಾರ ಕೊಡಿ’ ಅಂದಿತು ಕಂಪನಿ. ರಾಜ್ಯ ಧಾರಾಳವಾಗಿಯೇ ಕೊಟ್ಟಿತು. ವಿಮಾನ ನಿಲ್ದಾಣ ಕಟ್ಟುವ ಅಧಿಕಾರ ಕೊಟ್ಟಿತು. ಬೇಕಾದರೆ ಅಣು ವಿದ್ಯುತ್ ಸ್ಥಾವರವನ್ನೂ ಕಟ್ಟಬಹುದಿತ್ತು. ಕಟ್ಟಲಿಲ್ಲ, ಆ ಮಾತು ಬೇರೆ.

ಬೋರ್ಡಿನ ಚುನಾವಣೆ ಇನ್ನೂ ಸ್ವಾರಸ್ಯ. ಅಲ್ಲಿ ಎಕರೆಗೊಂದು ಓಟು. ಹೆಚ್ಚುಕಮ್ಮಿ ಎಲ್ಲ ಎಕರೆಯೂ ಡಿಸ್ನಿಯದ್ದು, ಹಾಗಾಗಿ ಓಟೂ ಡಿಸ್ನಿಯದ್ದೇ. ಬೋರ್ಡಿನ ಸದಸ್ಯರಿಗೆ ಡಿಸ್ಟ್ರಿಕ್ಟ್ ಒಳಗೆ ಜಮೀನು ಇರಲೇಬೇಕೆಂಬ ನಿಯಮವಿತ್ತು. ಅದಕ್ಕೆ ಕಂಪನಿ ಸದಸ್ಯರ ಹೆಸರಿಗೆ ಸುಮಾರು ಐದೈದು ಎಕರೆ ಖಾಲಿ ಜಾಗ ಮಾಡಿಕೊಡುತ್ತಿತ್ತು. ಒಳಗಿರುವ ಎರಡು ಪುಟ್ಟ ಊರುಗಳಲ್ಲಿ ವಾಸವಿರುವವರು ಬರೀ ಹತ್ತಾರು ಜನ. ಒಟ್ಟಿನಲ್ಲಿ, ಕಟ್ಟಲು ಅನುಮತಿ ಕೇಳುವವರನ್ನೂ ಕೊಡುವವರನ್ನೂ ಒಂದೇ ಕಂಪನಿ ಆರಿಸುತ್ತಿತ್ತು. ಇದನ್ನು ಪ್ರಜಾಪ್ರಭುತ್ವ ಅನ್ನುವುದು ಕಷ್ಟವೇ. ಆದರೂ ಐವತ್ತಕ್ಕೂ ಹೆಚ್ಚು ವರ್ಷ ಎರಡೂ ಪಕ್ಷದ ಸರ್ಕಾರಗಳು ಇದಕ್ಕೆ ಕೈ ಹಾಕಲಿಲ್ಲ. ಪ್ರವಾಸಿಗರು ಬರುತ್ತಿದ್ದರು, ದುಡ್ಡು ಬರುತ್ತಿತ್ತು.

2022ರಲ್ಲಿ ಎಲ್ಲ ಕೆಟ್ಟಿತು. ಸಣ್ಣ ತರಗತಿಗಳಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಬಗ್ಗೆ ಪಾಠ ಮಾಡಬಾರದು ಅನ್ನುವ ಕಾನೂನಿಗೆ ಡಿಸ್ಯಾಂಟಿಸ್ ಮಾರ್ಚ್‌ನಲ್ಲಿ ಸಹಿ ಹಾಕಿದರು. ಮೊದಲು ಸುಮ್ಮನಿದ್ದ ಡಿಸ್ನಿ, ನೌಕರರು ಒತ್ತಾಯ ಮಾಡಿದ ಮೇಲೆ ಅದನ್ನು ಬಹಿರಂಗವಾಗಿ ವಿರೋಧಿಸಿತು. ಒಂದು ತಿಂಗಳೊಳಗೆ ರೀಡಿ ಕ್ರೀಕನ್ನೇ ರದ್ದು ಮಾಡುವ ಕಾನೂನು ಬಂತು. ಡಿಸ್ನಿಯ ಹೆಸರು ಅದರಲ್ಲಿ ಇರಲಿಲ್ಲ. 1968ರ ರಾಜ್ಯ ಸಂವಿಧಾನಕ್ಕಿಂತ ಮುಂಚೆ ಹುಟ್ಟಿದ, ಆಮೇಲೆ ಹೊಸದಾಗಿ ಮಂಜೂರಾಗದ ಡಿಸ್ಟ್ರಿಕ್ಟ್‌ಗಳೆಲ್ಲ ರದ್ದು ಅಂತ ಬರೆದಿದ್ದರು. ಆದರೆ ಗುರಿ ಯಾರು ಅನ್ನುವುದನ್ನು ಗವರ್ನರ್ ಮುಚ್ಚಿಡಲೂ ಇಲ್ಲ.

ಅವಸರದಲ್ಲಿ ಒಂದು ವಿಷಯ ಹಾಗೇ ಉಳಿದುಬಿಟ್ಟಿತ್ತು. ಡಿಸ್ಟ್ರಿಕ್ಟ್ ಮೇಲೆ ಸುಮಾರು 100 ಕೋಟಿ ಡಾಲರ್ ಬಾಂಡ್ ಸಾಲವಿತ್ತು. ಡಿಸ್ಟ್ರಿಕ್ಟೇ ಇಲ್ಲ ಅಂದರೆ ಸಾಲ ಕೌಂಟಿಗಳ ತಲೆಗೆ, ಅಂದರೆ ಅಲ್ಲಿನ ಸಾಮಾನ್ಯ ತೆರಿಗೆದಾರರ ತಲೆಗೆ ಬೀಳುವ ಅಪಾಯ. ಸಾಲ ತೀರುವವರೆಗೆ ಡಿಸ್ಟ್ರಿಕ್ಟಿನ ಅಧಿಕಾರ ಮೊಟಕು ಮಾಡುವುದಿಲ್ಲ ಅಂತ ಬಾಂಡ್ ಕೊಂಡವರಿಗೆ 1967ರಲ್ಲಿ ರಾಜ್ಯವೇ ಮಾತು ಕೊಟ್ಟಿತ್ತು ಬೇರೆ. ಹಾಗಾಗಿ 2023ರ ಫೆಬ್ರವರಿಯಲ್ಲಿ ದಾರಿ ಬದಲಾಯಿತು. ಡಿಸ್ಟ್ರಿಕ್ಟ್ ಇರಲಿ, ಸಾಲವೂ ಅದರ ಮೇಲೇ ಇರಲಿ, ಬೋರ್ಡನ್ನು ಮಾತ್ರ ಗವರ್ನರ್ ನೇಮಿಸಲಿ, ರಾಜ್ಯದ ಸೆನೆಟ್ ಒಪ್ಪಲಿ ಅಂತ ತೀರ್ಮಾನವಾಯಿತು. ಹೊಸ ಹೆಸರು ಸೆಂಟ್ರಲ್ ಫ್ಲೋರಿಡಾ ಟೂರಿಸಂ ಓವರ್‌ಸೈಟ್ ಡಿಸ್ಟ್ರಿಕ್ಟ್.

ಡಿಸ್ನಿಯ ವಕೀಲರು ಸುಮ್ಮನೆ ಕೂತಿರಲಿಲ್ಲ. ಕೆಳಮನೆ ಈ ಮಸೂದೆಯನ್ನು ಪಾಸು ಮಾಡುವ ಹಿಂದಿನ ದಿನ, ಫೆಬ್ರವರಿ 8ರಂದು, ಹಳೇ ಬೋರ್ಡ್ ಬಹಿರಂಗ ಸಭೆಯಲ್ಲೇ ಎರಡು ಕಾಗದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು, ಕಟ್ಟಡಗಳ ಬಗ್ಗೆ 30 ವರ್ಷದ ಒಪ್ಪಂದ. ಇನ್ನೊಂದು, ಡಿಸ್ಟ್ರಿಕ್ಟಿನ ಕೈ ಕಟ್ಟುವ ಷರತ್ತುಗಳ ಪತ್ರ. ಡಿಸ್ಟ್ರಿಕ್ಟ್ ತನ್ನ ಕಟ್ಟಡದ ಹೊರರೂಪ ಬದಲಿಸಬೇಕಾದರೂ ಡಿಸ್ನಿ ನೋಡಬೇಕು, ಮಿಕ್ಕಿ ಮೌಸ್ ಚಿತ್ರವನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ, ಇತ್ಯಾದಿ. ಇದು ಎಷ್ಟು ಕಾಲ? ಶಾಶ್ವತವಾಗಿ. ಅದು ಕಾನೂನಿನಲ್ಲಿ ನಿಲ್ಲದಿದ್ದರೆ, ಇಂಗ್ಲೆಂಡಿನ ರಾಜ ಮೂರನೇ ಚಾರ್ಲ್ಸ್‌ನ ಸಂತತಿಯಲ್ಲಿ ಆ ದಿನ ಬದುಕಿದ್ದವರ ಪೈಕಿ ಕೊನೆಯವರು ತೀರಿಕೊಂಡ ಮೇಲೆ 21 ವರ್ಷದವರೆಗೆ! ತಮಾಷೆ ಅಲ್ಲ, ಆಸ್ತಿ ಪತ್ರಗಳಲ್ಲಿ ವಕೀಲರು ಬಹಳ ಹಿಂದಿನಿಂದ ಬಳಸುವ ತಂತ್ರ ಇದು. ಷರತ್ತಿನ ಅವಧಿಯನ್ನು ಬದುಕಿರುವ ಯಾರದೋ ಆಯುಸ್ಸಿಗೆ ಕಟ್ಟಬೇಕು. ರಾಜಮನೆತನದ ಹುಟ್ಟು ಸಾವು ಜಗತ್ತಿಗೇ ಗೊತ್ತಾಗುತ್ತದೆ, ಯಾರು ಬದುಕಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕಿಲ್ಲ.

ಹೊಸ ಬೋರ್ಡು ಈ ವಿಷಯ ಎತ್ತಿದ್ದು ಮಾರ್ಚ್ ಕೊನೆಯಲ್ಲಿ. ಏಪ್ರಿಲ್ 26ರಂದು ಎರಡೂ ಪತ್ರ ಅಸಿಂಧು ಅಂತ ಘೋಷಿಸಿತು. ಅದೇ ದಿನ ಡಿಸ್ನಿ ಫೆಡರಲ್ ಕೋರ್ಟಿಗೆ ಹೋಯಿತು: ನಾವು ಮಾತಾಡಿದ್ದಕ್ಕೆ ಸರ್ಕಾರ ಸೇಡು ತೀರಿಸಿಕೊಳ್ಳುತ್ತಿದೆ, ಇದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ. ಬೋರ್ಡು ತಿರುಗಿ ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಿತು. ಮೇ ತಿಂಗಳಲ್ಲಿ ಆ ಒಪ್ಪಂದವನ್ನು ರದ್ದು ಮಾಡುವ ಕಾನೂನೂ ಬಂತು.

ಈಗ ನಿಮ್ಮ ಕೊನೆಯ ಪ್ರಶ್ನೆ. 2024ರ ಜನವರಿ 31ರಂದು ಫೆಡರಲ್ ನ್ಯಾಯಾಧೀಶ ಅಲೆನ್ ವಿನ್ಸರ್ ಡಿಸ್ನಿಯ ಕೇಸು ವಜಾ ಮಾಡಿದರು. ಗವರ್ನರ್ ಬೋರ್ಡನ್ನು ಆಗಲೇ ನೇಮಿಸಿಯಾಗಿದೆ, ಇನ್ನು ಅವರಿಂದ ಕಂಪನಿಗೆ ಯಾವ ಹಾನಿ ಎದುರಾಗಿದೆ ಅಂತ ತೋರಿಸಿಲ್ಲ, ಹಾಗಾಗಿ ಅವರ ವಿರುದ್ಧ ಕೇಸು ನಿಲ್ಲುವುದಿಲ್ಲ ಅಂದರು. ಇದಕ್ಕಿಂತ ಮುಖ್ಯವಾದದ್ದು ಎರಡನೇ ಕಾರಣ. ಒಂದು ಕಾನೂನು ಅದರ ಬರಹದಲ್ಲಿ ಸಂವಿಧಾನಕ್ಕೆ ವಿರುದ್ಧವಾಗಿಲ್ಲ ಅಂದರೆ, ಅದನ್ನು ಮಾಡಿದವರ ಮನಸ್ಸಿನಲ್ಲಿ ದುರುದ್ದೇಶವಿತ್ತು ಅಂತ ಹೇಳಿ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ಪ್ರಶ್ನಿಸಲಾಗದು. ಡಿಸ್ಟ್ರಿಕ್ಟನ್ನು ಹುಟ್ಟಿಸಿದ್ದು ಶಾಸನಸಭೆ, ಬೋರ್ಡಿನ ಸ್ವರೂಪ ಬದಲಿಸುವ ಅಧಿಕಾರವೂ ಅದಕ್ಕಿದೆ. ಸೇಡೇ ಇರಲಿಲ್ಲ ಅಂತ ಕೋರ್ಟು ಹೇಳಲಿಲ್ಲ. ಸೇಡನ್ನು ನೋಡುವುದು ಈ ಕೇಸಿನಲ್ಲಿ ನನ್ನ ಕೆಲಸವಲ್ಲ ಅಂದಿತು. ನನಗೆ ಇದು ಸ್ವಲ್ಪ ಅಪಾಯದ ತರ್ಕ ಅನಿಸುತ್ತದೆ. ಹೆಸರು ಬರೆಯದೆ ಹೊಡೆಯಲು ಯಾವ ಸರ್ಕಾರಕ್ಕೆ ಬರುವುದಿಲ್ಲ?

ಡಿಸ್ನಿ ಮೇಲ್ಮನವಿ ಹಾಕಿತು. ಆದರೆ ಅಷ್ಟರಲ್ಲಿ ಎರಡೂ ಕಡೆಯವರಿಗೆ ಸಾಕಾಗಿತ್ತು. ಕಂಪನಿಗೆ ಹೊಸದು ಕಟ್ಟಬೇಕು, ಅದಕ್ಕೆ ಬೋರ್ಡಿನ ಅನುಮತಿ ಬೇಕು. ಬೋರ್ಡಿಗೆ ವಕೀಲರ ಖರ್ಚು ಬೆಳೆಯುತ್ತಿತ್ತು, ತೆರಿಗೆ ಕಟ್ಟುವುದರಲ್ಲಿ ಮೊದಲನೆಯದು ಮತ್ತೆ ಡಿಸ್ನಿಯೇ. ಮಾರ್ಚ್‌ನಲ್ಲಿ ರಾಜ್ಯ ಕೋರ್ಟಿನ ಕೇಸು ರಾಜಿಯಾಯಿತು, ಆ ಎರಡು ಪತ್ರ ಅಸಿಂಧು ಅಂತ ಡಿಸ್ನಿ ಒಪ್ಪಿಕೊಂಡಿತು. ಜೂನ್‌ನಲ್ಲಿ 15 ವರ್ಷದ ಹೊಸ ಒಪ್ಪಂದ. ಮುಂದಿನ 10ರಿಂದ 20 ವರ್ಷದಲ್ಲಿ 1,700 ಕೋಟಿ ಡಾಲರ್‌ವರೆಗೆ ಹೂಡಿಕೆಯ ಮಾತು, ಐದನೇ ದೊಡ್ಡ ಪಾರ್ಕಿಗೂ ಅವಕಾಶ. ಆಮೇಲೆ ಡಿಸ್ನಿ ಮೇಲ್ಮನವಿ ಹಿಂತೆಗೆದುಕೊಂಡಿತು, ಹಾಗಾಗಿ ಸೇಡಿನ ಪ್ರಶ್ನೆ ಮೇಲಿನ ಕೋರ್ಟಿಗೆ ಮುಟ್ಟಲೇ ಇಲ್ಲ.

ಬೋರ್ಡು ಹಳೇ ರೀತಿಗೆ ಮರಳಿಲ್ಲ. ಸದಸ್ಯರ ಅವಧಿ ಮುಗಿದಾಗ ಹೊಸಬರನ್ನು ನೇಮಿಸುವುದು ಆಗಿನ ಗವರ್ನರ್. ಡಿಸ್ಯಾಂಟಿಸ್ ಅವರ ಎರಡನೇ ಅವಧಿ 2027ರ ಜನವರಿಗೆ ಮುಗಿಯುತ್ತದೆ.