ಕಾಲು ಉಳುಕಿದ್ರೆ ಕ್ರೇಪ್ ಬ್ಯಾಂಡೇಜಾ, ಬ್ರೇಸಾ, ಪ್ಲಾಸ್ಟರಾ?

ಹೋದ ಮಳೆಗಾಲದಲ್ಲಿ ಮೆಟ್ಟಿಲು ಇಳೀತಾ ಕೊನೇ ಹೆಜ್ಜೆ ತಪ್ಪಿ ಬಲಗಾಲು ಒಳಕ್ಕೆ ತಿರುಚಿಕೊಳ್ತು, ಅರ್ಧ ಗಂಟೇಲಿ ಚಪ್ಪಲಿಗೆ ಕಾಲೇ ಹೋಗ್ದಷ್ಟು ಊತ. ಅಮ್ಮ ಎಣ್ಣೆ ಹಚ್ಚಿ ನೀವ್ತೀನಿ ಅಂದ್ರು, ಪಕ್ಕದ ಮನೆ ಅಂಕಲ್ ಪುತ್ತೂರು ಕಟ್ಟು ಹಾಕಿಸು ಅಂದ್ರು, ಮೆಡಿಕಲ್ ಶಾಪಲ್ಲಿ ಏನೂ ಕೇಳದೇ ಕ್ರೇಪ್ ಬ್ಯಾಂಡೇಜ್ ಕೊಟ್ರು. ನಮ್ಮಲ್ಲಿ ಉಳುಕಿಗೆ ಕ್ರೇಪ್ ಅನ್ನೋದು ಎಷ್ಟು ಅಭ್ಯಾಸ ಆಗೋಗಿದೆ ಅಂದ್ರೆ ಅದು ನಿಜಕ್ಕೂ ಎಷ್ಟು ಕೆಲಸ ಮಾಡುತ್ತೆ ಅಂತ ಯಾರೂ ಕೇಳೋದೇ ಇಲ್ಲ.

ಪಾದ ಒಳಗೆ ಮಗುಚಿದಾಗ ಹೊರಗಿನ ಗಿಣ್ಣಿನ ಮುಂದೆ ಎಲುಬಿಂದ ಎಲುಬಿಗೆ ಹುರಿ ತರ ಕಟ್ಕೊಂಡಿರೋ ಲಿಗಮೆಂಟ್ ಮೊದಲು ಎಳೀತದೆ, ಇಲ್ಲಾ ಹರಿಯುತ್ತೆ. ಬರೀ ಎಳೆದಿದ್ರೆ ಗ್ರೇಡ್ 1, ಅರ್ಧಂಬರ್ಧ ಹರಿದಿದ್ರೆ 2, ಪೂರ್ತಿ ಹರಿದಿದ್ರೆ 3. ಆದ್ರೆ ಏನೇ ಕಟ್ಟೋಕೆ ಮುಂಚೆ ಮೂಳೆ ಮುರಿದಿಲ್ಲ ಅಂತ ಗೊತ್ತಾಗ್ಬೇಕು. 1992ರಲ್ಲಿ ಕೆನಡಾದ ಒಟ್ಟಾವಾದ ಡಾಕ್ಟರ್‌ಗಳು ಇದಕ್ಕೆ ಒಂದು ಸರಳ ನಿಯಮ ಮಾಡಿದ್ರು: ಆ ಕಾಲ ಮೇಲೆ ಭಾರ ಬಿಟ್ಟು 4 ಹೆಜ್ಜೆ ಇಡೋಕಾಗ್ತಿಲ್ಲ, ಅಥವಾ ಗಿಣ್ಣಿನ ಮೂಳೆಯ ಹಿಂಭಾಗ ಒತ್ತಿದ್ರೆ ನೋವು ಅಂದ್ರೆ ಎಕ್ಸ್‌ರೇ ಬೇಕು. ಪಾದದಲ್ಲೂ ಒತ್ತಿ ನೋಡೋ ಎರಡು ಜಾಗ ಇದೆ, ಅದು ಡಾಕ್ಟರಿಗೆ ಗೊತ್ತಿರುತ್ತೆ.

ಈಗ ಕಟ್ಟಿನ ವಿಷಯ. ಇಂಗ್ಲೆಂಡಿನ 8 ಎಮರ್ಜೆನ್ಸಿ ವಿಭಾಗಗಳಲ್ಲಿ ಜೋರಾಗಿ ಉಳುಕಿ ಕಾಲೂರೋಕೇ ಆಗದ 584 ಜನರನ್ನ ತಗೊಂಡು ನಾಲ್ಕು ಸಪೋರ್ಟ್ ಹೋಲಿಸಿದ್ರು, ಫಲಿತಾಂಶ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಒಂದು ನಮ್ಮ ಕ್ರೇಪ್ ಹಾಗೇ ಹಿಗ್ಗೋ, ಕೊಳವೆ ತರದ ಎಲಾಸ್ಟಿಕ್ ಬ್ಯಾಂಡೇಜ್, ಒಂದು ಎರಡೂ ಪಕ್ಕ ಗಟ್ಟಿ ಪ್ಲಾಸ್ಟಿಕ್ ಇದ್ದು ಒಳಗೆ ಗಾಳಿ ದಿಂಬಿರೋ ಏರ್‌ಕಾಸ್ಟ್ ಬ್ರೇಸ್, ಒಂದು ಕಾಲನ್ನ ಅಲ್ಲಾಡದಂಗೆ ಹಿಡಿದಿಡೋ ದೊಡ್ಡ ಮೆಡಿಕಲ್ ಬೂಟು, ಇನ್ನೊಂದು ಮೊಣಕಾಲಿನ ಕೆಳಗಿನ ಪ್ಲಾಸ್ಟರ್, ಅದೂ ಬರೀ 10 ದಿನಕ್ಕೆ. ಮೂರು ತಿಂಗಳಾದ್ಮೇಲೆ ನೋಡಿದ್ರೆ ಪ್ಲಾಸ್ಟರ್ ಹಾಕಿಸ್ಕೊಂಡವರು ಎಲಾಸ್ಟಿಕ್‌ನವರಿಗಿಂತ ಚೆನ್ನಾಗಿದ್ರು, ಬ್ರೇಸ್‌ನವರ ಪಾದದ ಗಿಣ್ಣು ಕೆಲಸ ಮಾಡೋ ರೀತೀನೂ ಉತ್ತಮವಾಗಿತ್ತು. ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಬೂಟಿಂದ ಅಂಥ ಲಾಭ ಕಾಣ್ಲಿಲ್ಲ. ಒಂಬತ್ತು ತಿಂಗಳಿಗೆ ಹೇಳಿಕೊಳ್ಳೋವಂಥ ವ್ಯತ್ಯಾಸ ಯಾರ ನಡುವೆನೂ ಉಳೀಲಿಲ್ಲ.

ನನಗೆ ಇದು ನಿಜವಾಗ್ಲೂ ಆಶ್ಚರ್ಯ ತಂದಿತ್ತು, ಯಾಕಂದ್ರೆ ಪ್ಲಾಸ್ಟರ್ ಹಾಕಿದ್ರೆ ಕಾಲು ಬಿಗಿಯುತ್ತೆ, ಮೀನಖಂಡ ಸೊರಗುತ್ತೆ ಅಂತಲೇ ಕೇಳಿದ್ದೆ, ವಾರಗಟ್ಲೆ ಬಿಟ್ರೆ ಹಾಗೇ ಆಗೋದು ಕೂಡ. ಹತ್ತು ದಿನ ಅಂದ್ರೆ ಬೇರೆ ಲೆಕ್ಕ. ಆ ಮೊದಲ ದಿನಗಳಲ್ಲಿ ಹರಿದ ಎಳೆಗಳ ಜಾಗದಲ್ಲಿ ಹೊಸ ಕೊಲಾಜೆನ್ (ಲಿಗಮೆಂಟಿನ ಎಳೆಗಳನ್ನ ಕಟ್ಟೋ ಪ್ರೋಟೀನ್) ಕೂರೋಕೆ ಶುರುವಾಗ್ತಿರುತ್ತೆ, ಅದಿನ್ನೂ ಹಸಿ ಗೋಡೆ ಇದ್ದಂಗೆ, ಪಾದ ಮತ್ತೆ ಮತ್ತೆ ಪಕ್ಕಕ್ಕೆ ವಾಲಿದ್ರೆ ನಿಲ್ಲಲ್ಲ. ಎಲಾಸ್ಟಿಕ್ ಬಟ್ಟೆ ಊತವನ್ನ ಒಂಚೂರು ಒತ್ತಿಡುತ್ತೆ ಅಷ್ಟೇ, ವಾಲೋದನ್ನ ಹಿಡಿಯೋ ಶಕ್ತಿ ಅದಕ್ಕಿಲ್ಲ. ಬ್ರೇಸ್ ಮಾತ್ರ ಪಾದ ಮೇಲೆ ಕೆಳಗೆ ಆಡೋಕೆ ಬಿಟ್ಟು ಪಕ್ಕದ ವಾಲಾಟವನ್ನ ತಡೆಯುತ್ತೆ. ಹಾಗಾಗಿ ನನ್ನ ಪ್ರಕಾರ ಹೆಚ್ಚಿನವರಿಗೆ ಬ್ರೇಸೇ ವಾಸಿ, ಬಿಚ್ಚಿ ಸ್ನಾನಾನೂ ಮಾಡ್ಬಹುದು.

ಕ್ರೇಪ್ ಹಾಗಾದ್ರೆ ವೇಸ್ಟಾ? ಹಾಗೇನಿಲ್ಲ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ಸಲ ಉಳುಕಿಸಿಕೊಂಡ ಗ್ರೇಡ್ 1ರವರಿಗೆ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ ಅದರ ಜೊತೆ ಗಾಳಿ ದಿಂಬಿನ ಬ್ರೇಸೂ ಹಾಕಿದ್ರೆ, ಬರೀ ಒಂದನ್ನೇ ಹಾಕಿದವರಿಗೆ ಬೇಕಾದ ಸಮಯದ ಅರ್ಧದಲ್ಲೇ ನಡಿಗೆ, ಮೆಟ್ಟಿಲು ಹತ್ತೋದು ಮಾಮೂಲಿಯಾಯ್ತು. ಗ್ರೇಡ್ 3ರವರಲ್ಲಿ ಮೊದಲು 10 ದಿನ ಪ್ಲಾಸ್ಟರ್ ಹಾಕಿದ್ರೂ ಶುರುವಿಂದ್ಲೇ ಬ್ರೇಸ್ ಹಾಕಿದ್ರೂ ಇಬ್ಬರಿಗೂ ಒಂದೇ ಸಮಯ ಹಿಡೀತು.

ಪ್ಲಾಸ್ಟರ್ ಹಾಕಿಸ್ಕೊಂಡವರು ಒಂದು ವಿಷಯ ಮರೀಬೇಡಿ, ಮೀನಖಂಡದಲ್ಲಿ ಹೊಸದಾಗಿ ನೋವು ಬಂದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸ್ಬೇಕು. ಕ್ರೇಪ್ ಸುತ್ತಿದಾಗ ಬೆರಳು ಜೋಮು ಹಿಡಿದ್ರೆ, ನೀಲಿಗಟ್ಟಿದ್ರೆ ಬಿಚ್ಚಿ ಸಡಿಲವಾಗಿ ಸುತ್ತಿ.

ನಂದು ಗ್ರೇಡ್ 2 ಅಂದ್ರು ಡಾಕ್ಟರ್. ಮೂರು ವಾರ ಬ್ರೇಸ್ ಹಾಕ್ಕೊಂಡು ಓಡಾಡ್ದೆ, ಎರಡನೇ ವಾರದಿಂದ ಫಿಸಿಯೋ ಹೇಳಿದಂಗೆ ದಿನಾ ಹಾಲು ಕಾಯೋವರೆಗೂ ಅಡುಗೆ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ತಿದ್ದೆ, ಆಮೇಲಾಮೇಲೆ ಕೈ ಬಿಟ್ಟು.