ಬೆಳಕಿನ ಮಾಲಿನ್ಯ ತಡೆಯೋದು ಅಂದ್ರೆ ಬೀದಿ ದೀಪ ಆರಿಸೋದಾ?

ಪ್ರಶ್ನೆ: ರಾತ್ರಿ ಬೆಳಕು ಜಾಸ್ತಿಯಾಗದಂತೆ ಕೆಲವು ನಗರಸಭೆಗಳು ಕಾನೂನು ಮಾಡಿವೆಯಂತೆ. ಹಾಗಂದ್ರೆ ದೀಪ ಆರಿಸ್ತಾರಾ? ಸೆಕೆಂಡ್ ಶಿಫ್ಟ್ ಮುಗಿಸಿ ಬರೋರ ಗತಿ ಏನು?

ಉತ್ತರ: ಗಾಬರಿ ಬೇಡ, ಪೂರ್ತಿ ಆರಿಸೋದು ಅಪರೂಪ. ಬೆಳಕು ರಸ್ತೆಗೆ ಬೀಳಲಿ, ಆಕಾಶಕ್ಕೆ ಚೆಲ್ಲದಿರಲಿ ಅನ್ನೋದೇ ಇಂಥ ಹೆಚ್ಚಿನ ನಿಯಮಗಳ ತಿರುಳು.

ಈ ವಿಷಯದಲ್ಲಿ ಹಿರಿಯಣ್ಣ ಅಂದ್ರೆ ಅಮೆರಿಕದ ಅರಿಝೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್. 1930ರಲ್ಲಿ ಪ್ಲೂಟೋ ಪತ್ತೆಯಾಗಿದ್ದು ಅಲ್ಲಿನ ಲೋವೆಲ್ ವೀಕ್ಷಣಾಲಯದಲ್ಲಿ. ಆಕಾಶ ನೋಡೋಕೆ ಕತ್ತಲೆ ಬೇಕಲ್ವಾ? ಜಾಹೀರಾತಿಗೆಂದು ಆಕಾಶಕ್ಕೆ ಸರ್ಚ್‌ಲೈಟ್ ಬಿಡೋದನ್ನು ಈ ಊರು 1958ರಲ್ಲೇ ನಿಷೇಧಿಸಿತು. ಆದರೆ ನನಗೆ ಹೆಚ್ಚು ಇಷ್ಟವಾಗೋದು 1989ರ ನಿಯಮ. ಅದು ಒಂದು ಎಕರೆ ಜಾಗದಲ್ಲಿ ಒಟ್ಟು ಎಷ್ಟು ಬೆಳಕು ಇರಬಹುದು ಅಂತ ಮಿತಿ ಹಾಕಿತು. ಅಂಗಡಿ, ಹೋಟೆಲ್‌ಗಳಿಗೆ ವೀಕ್ಷಣಾಲಯಗಳ ಹತ್ತಿರ ಎಕರೆಗೆ 25,000 ಲುಮೆನ್ (ದೀಪ ಕೊಡೋ ಬೆಳಕಿನ ಅಳತೆ), ದೂರ ಹೋದಂತೆ 1,00,000ದವರೆಗೆ. ನಮ್ಮ ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಸುಮಾರು 900 ಲುಮೆನ್ ಕೊಡುತ್ತೆ. ಅಂದ್ರೆ 25,000 ಲುಮೆನ್‌ಗೆ ಅಂಥ ಇಪ್ಪತ್ತೆಂಟು ಬಲ್ಬ್ ಸಾಕು! ಅಷ್ಟರಲ್ಲೇ ಸುಧಾರಿಸಬೇಕು ಅಂದಾಗ ಮಾಲೀಕ ತಾನಾಗಿಯೇ ದೀಪಕ್ಕೆ ಮರೆ ಹಾಕಿ ಬೆಳಕನ್ನು ಕೆಳಕ್ಕೆ ತಿರುಗಿಸ್ತಾನೆ. ಕಟ್ಟಡದ ಪರವಾನಗಿ ಕೇಳುವಾಗಲೇ ದೀಪಗಳ ವಿವರ ಕೊಡಬೇಕಾಗಿರೋದರಿಂದ ರಾತ್ರಿ ಊರು ಸುತ್ತಿ ಹಿಡಿಯೋ ಕಷ್ಟವೂ ಕಡಿಮೆ.

ದೀಪದ ಬಣ್ಣಕ್ಕೂ ನಿಯಮ ಇರುತ್ತೆ. ನೀಲಿ ಅಂಶ ಜಾಸ್ತಿ ಇರೋ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತೆ, ಹಗಲು ಆಕಾಶ ನೀಲಿ ಕಾಣೋದೂ ಅದಕ್ಕೇ. ಹಾಗಾಗಿ ಹಳದಿ ಬೆಳಕಿಗೆ ಆದ್ಯತೆ.

ಇನ್ನು ಸಮಯದ ವಿಷಯ. ಅದೇ ರಾಜ್ಯದ ಟೂಸಾನ್ ನಗರದಲ್ಲಿ ಮಧ್ಯರಾತ್ರಿ ಹೊತ್ತಿಗೆ ಬೀದಿ ದೀಪಗಳನ್ನು ಮಂದ ಮಾಡ್ತಾರೆ. ಅವುಗಳ ಬೆಳಕನ್ನು ಬೇಕಂತಲೇ ಏರಿಸಿ ಇಳಿಸಿ ಉಪಗ್ರಹದಿಂದ ನೋಡಿದಾಗ ಒಂದು ವಿಚಿತ್ರ ಗೊತ್ತಾಯ್ತು: ಮೇಲಿಂದ ಕಾಣೋ ಬೆಳಕಿನಲ್ಲಿ ಬೀದಿ ದೀಪಗಳ ಪಾಲು ಐದನೇ ಒಂದಕ್ಕಿಂತ ಕಡಿಮೆ. ಉಳಿದದ್ದು ಅಂಗಡಿ ಬೋರ್ಡು, ಪಾರ್ಕಿಂಗ್, ಮೈದಾನ ಇಂಥವುಗಳದ್ದು. ನಗರಸಭೆ ತನ್ನ ಕಂಬ ಮಾತ್ರ ಸರಿಮಾಡಿದರೆ ಸಾಲದು ಅಂತ ಆಯ್ತಲ್ವಾ? ಖಾಸಗಿ ಬೆಳಕನ್ನು ಮುಟ್ಟದ ನಿಯಮ ನನ್ನ ಪ್ರಕಾರ ಅರ್ಧ ಕೆಲಸ.

ನಮ್ಮ ದೇಶದಲ್ಲಿ ಲಡಾಖ್‌ನ ಹಾನ್ಲೆ ಇದೆ. 2022ರಲ್ಲಿ ಅಲ್ಲಿನ ಆಡಳಿತ, ಲೇಹ್ ಗುಡ್ಡಗಾಡು ಮಂಡಳಿ ಮತ್ತು ನಕ್ಷತ್ರಗಳ ಅಧ್ಯಯನ ಮಾಡೋ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಒಪ್ಪಂದ ಮಾಡಿಕೊಂಡು ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣ ಮಾಡಿದವು. ಅಲ್ಲಿನ ದೂರದರ್ಶಕವನ್ನು ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು!

ನಿಮ್ಮ ಬೀದಿ ದೀಪ ಮಲಗೋ ಕೋಣೆಗೇ ಹೊಡೀತಿದ್ದರೆ, ದೀಪ ತೆಗೆಸಿ ಅಂತ ಕೇಳಬೇಡಿ, ಅಕ್ಕಪಕ್ಕದವರೇ ಬೇಡ ಅಂತಾರೆ. ಕಂಬದ ನಂಬರ್ ಬರೆದು, ಕೋನ ಬದಲಿಸಿ ಮನೆ ಕಡೆಗೆ ಮರೆ ಹಾಕಿಸಿ ಅಂತ ಅರ್ಜಿ ಕೊಡಿ.